ಗುಡ್ಡ ಹತ್ತುವವರೂ ಗುಡ್ಡ ಇಳಿಯುವವರೂ

ದೀಪಾವಳಿ ಕಳೆದು ಗದ್ದೆಯ ಭತ್ತ ಕಣ ಸೇರುವ ಹೊತ್ತಿಗೆ ನಮ್ಮ ಕಾರವಾರ, ಅಂಕೋಲೆಗಳಲ್ಲಿ ಇನ್ನೊಂದು ಸುಗ್ಗಿಯೂ ಆರಂಭವಾಗುತ್ತದೆ. ಅದು ನೋಟಕರ ಸುಗ್ಗಿ. ಬೆಂಗಳೂರು, ಹುಬ್ಬಳ್ಳಿ, ಪುಣೆಗಳ ಕಾರುಗಳು ಘಟ್ಟವಿಳಿದು ಬರುತ್ತವೆ. ಬಂದವರು ಮೊದಲು ಸಮುದ್ರವನ್ನು ನೋಡುತ್ತಾರೆ, ಆಮೇಲೆ ಅಚವೆಯ ಕಡೆಯ ವಿಭೂತಿ ಜಲಪಾತವನ್ನೂ ಯಾಣದ ಕಪ್ಪು ಬಂಡೆಗಳನ್ನೂ ನೋಡುತ್ತಾರೆ, ಹೊತ್ತು ಉಳಿದರೆ, “ಇಲ್ಲಿ ಆದಿವಾಸಿಗಳ ಕೇರಿ ಎಲ್ಲಿದೆ?” ಎಂದು ದಾರಿಯಲ್ಲಿ ಸಿಕ್ಕವರನ್ನು ವಿಚಾರಿಸುತ್ತಾರೆ. ಜಲಪಾತದ ದಾರಿ ಕೇಳಿದಷ್ಟೇ ಸಹಜವಾಗಿ ಮನುಷ್ಯರ ದಾರಿಯನ್ನೂ ಕೇಳುತ್ತಾರೆ. ನಮ್ಮ ಕಾಲೇಜಿನ ತರುಣರೂ ಇದಕ್ಕೆ ಹೊರತಲ್ಲ. ರಜೆ ಬಂತೆಂದರೆ ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲು. ಮರಳಿ ಬಂದ ಮೇಲೆ ಮಣಿಸರ ತೊಟ್ಟ ಅಜ್ಜಿಯೊಬ್ಬರ ಚಿತ್ರ. ಅಜ್ಜಿಯ ಹೆಸರೇನೆಂದು ಕೇಳಿದರೆ ಉತ್ತರವಿಲ್ಲ.

ಪ್ರವಾಸವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಗುಡ್ಡಕ್ಕೆ ಹೋಗಬಾರದೆಂದು ಹೇಳುವವನು ಈ ಜಿಲ್ಲೆಯಲ್ಲಿ ಹುಟ್ಟಿದವನಾಗಿರಲಾರ. ನಾನು ಹೇಳಹೊರಟಿರುವುದು ಇಷ್ಟೇ: ಗುಡ್ಡದ ಜನರನ್ನು ನೋಡಲು ನಾವು ವರ್ಷಕ್ಕೊಮ್ಮೆ ಹೋಗುತ್ತೇವೆ, ಅವರಾದರೋ ದಿನ ಬೆಳಗಾದರೆ ನಮ್ಮಲ್ಲಿಗೆ ಬರುತ್ತಾರೆ. ಹೀಗಿದ್ದೂ ಅವರು ‘ದೂರದವರು’ ಎಂಬ ಭಾವನೆ ನಮ್ಮಲ್ಲಿ ಹೇಗೆ ಬೇರೂರಿತು? ಈ ಭಾವನೆಯಿಂದ ಅವರಿಗಾಗುತ್ತಿರುವ ನಷ್ಟ ಬರಿಯ ಮಾನಮರ್ಯಾದೆಯ ಮಾತಲ್ಲ, ಮನೆ ಜಮೀನಿನ ಮಾತು.

ನಮ್ಮ ನೆಲದ ರಚನೆಯನ್ನು ಸ್ವಲ್ಪ ನೆನೆದುಕೊಳ್ಳೋಣ. ಕಾರವಾರದಲ್ಲಿ ಕಾಳಿ, ಅಂಕೋಲೆಯಲ್ಲಿ ಗಂಗಾವಳಿ. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಇರುವುದು ಕಿರಿದಾದ ಒಂದು ಪಟ್ಟಿ. ಕೆಲವೆಡೆ ಅಲೆಯ ಸದ್ದು ಕೇಳಿಸುವಷ್ಟು ಹತ್ತಿರಕ್ಕೆ ಗುಡ್ಡ ಬಂದು ನಿಂತಿದೆ. ಆ ಗುಡ್ಡಗಳ ಬುಡದಲ್ಲಿ, ಇಳಿಜಾರಿನಲ್ಲಿ, ಕಣಿವೆಗಳಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಪ್ರತಿ ಕೊಪ್ಪಕ್ಕೂ ಒಬ್ಬ ಗೌಡ, ಒಬ್ಬ ಬುಧವಂತ, ಒಬ್ಬ ಕೋಲಕಾರ. ಹಲವು ಕೊಪ್ಪಗಳು ಕೂಡಿದರೆ ಒಂದು ಸೀಮೆ, ಅದಕ್ಕೊಬ್ಬ ಸೀಮೆಗೌಡ. ನ್ಯಾಯ ನಿಷ್ಕರ್ಷೆಗೆ ಪೋಲೀಸು ಠಾಣೆಯ ಮೆಟ್ಟಿಲು ಹತ್ತದ ಏರ್ಪಾಡು ಇದು. ಇನ್ನೂ ಮೇಲಕ್ಕೆ ಹೋದರೆ ಕರೆ ಒಕ್ಕಲಿಗರು, ಗೌಳಿಗರು. ಪೋರ್ತುಗೀಜರ ಕಾಲದಲ್ಲಿ ಗೋವೆಯ ಮಾರ್ಗವಾಗಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು. ಕಾಳಿಯ ಮೇಲ್ದಂಡೆಯಲ್ಲಿ, ಜೋಯಿಡಾದ ಕಡೆಗೆ, ಗೆಡ್ಡೆಗೆಣಸಿನ ಕೃಷಿಯಲ್ಲಿ ಎತ್ತಿದ ಕೈಯಾದ ಕುಣಬಿಗಳು. 1883ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಕೆನರಾ ಗ್ಯಾಸೆಟಿಯರಿನಲ್ಲಿಯೇ ಹಾಲಕ್ಕಿಗಳ ವರ್ಣನೆಯಿದೆ. ಆ ಪುಸ್ತಕದ ಮಾತು ಮುಂದೆ ಇನ್ನೊಮ್ಮೆ ಬರಲಿದೆ.

ಅದೇ 1883ರ ಸುಮಾರಿಗೆ ಕಾರವಾರಕ್ಕೆ ಒಬ್ಬ ತರುಣ ಅತಿಥಿ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದುದರಿಂದ ರವೀಂದ್ರನಾಥ ಠಾಕೂರರು ಕೆಲಕಾಲ ಇಲ್ಲಿ ಉಳಿದರು, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಅವರ ಹೆಸರನ್ನು ನಮ್ಮ ಕಡಲದಂಡೆ ಇಂದಿಗೂ ಹೊತ್ತಿದೆ. ಒಂದು ರಾತ್ರಿ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಗಿರಿದುರ್ಗವೊಂದರ ಬಳಿ ಇಳಿದು, ಒಬ್ಬ ರೈತನ ಮನೆಯಂಗಳದಲ್ಲಿ ಬೆಳದಿಂಗಳಿನಲ್ಲಿ ಕುಳಿತು ತಾವು ತಂದಿದ್ದ ಬುತ್ತಿಯನ್ನು ಉಂಡ ಸಂಗತಿಯನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಂಗಳ ಗುಡಿಸಿ ಚೊಕ್ಕಟವಾಗಿತ್ತೆಂಬುದನ್ನು ಮರೆಯದೆ ಹೇಳಿದ್ದಾರೆ. ಗುಡಿಸಿದವರ ಮಾತು ಅಲ್ಲಿಲ್ಲ. ಅವರು ಕವಿಗಳು, ಇಪ್ಪತ್ತೆರಡರ ಹರೆಯದಲ್ಲಿ ಬೆಳದಿಂಗಳೇ ಕಣ್ತುಂಬ ತುಂಬಿದ್ದರೆ ತಪ್ಪೇನೂ ಅಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಗುಡ್ಡಕ್ಕೆ ಹೋದ ಅತಿಥಿಗಳೆಲ್ಲ ಹೆಚ್ಚು ಕಡಿಮೆ ಅದೇ ಅಂಗಳದಲ್ಲಿ ಕುಳಿತು, ಅದೇ ಬೆಳದಿಂಗಳನ್ನು ನೋಡಿ, ಮನೆಯವರನ್ನು ಮಾತನಾಡಿಸದೆ ಮರಳಿದ್ದಾರೆಂದು ನನಗೆ ತೋರುತ್ತದೆ. ಅವರಲ್ಲಿ ಯಾರೂ ಠಾಕೂರರಂತೆ ನಾಟಕ ಬರೆಯಲಿಲ್ಲವೆಂಬುದು ಬೇರೆ ಮಾತು!

ಕಳೆದ ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಅಂಕೋಲೆ ತಾಲೂಕಿನ ಒಂದು ಕೊಪ್ಪಕ್ಕೆ ಹೋಗಿದ್ದೆವು. ಡಾಂಬರು ರಸ್ತೆ ಮುಗಿದ ಮೇಲೆ ಒಂದು ಗಂಟೆಯ ಹಾದಿ; ಎರಡು ಕಡೆ ಹಳ್ಳ ದಾಟಬೇಕು. ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ವೃದ್ಧೆಯೊಬ್ಬರು ತಲೆಯೆತ್ತಿ, “ಯಾರ್ ಮನೆ ಮಕ್ಕಳ್ರಾ ನೀವು? ಎಂತಕ್ಕೆ ಬಂದ್ರಿ?” ಎಂದರು. “ಗುಡ್ಡ ನೋಡೂಕೆ ಬಂದ್ವು ಅಜ್ಜಿ” ಎಂದ ನಮ್ಮಲ್ಲೊಬ್ಬ. “ಗುಡ್ಡ ಪ್ಯಾಟೆಯಿಂದ್ಲೇ ಕಾಣ್ತದಲ್ಲ!” ಎಂದು ಅವರು ನಕ್ಕು, ಬೆಲ್ಲ ನೀರು ತರಲು ಮೊಮ್ಮಗಳನ್ನು ಒಳಗೆ ಕಳಿಸಿದರು. ಆ ಮೊಮ್ಮಗಳು ಅಂಕೋಲೆಯಲ್ಲಿ ಪಿ.ಯು.ಸಿ. ಓದುವವಳು. ನಮಗೆ ಒಂದು ದಿನದ ಸಾಹಸವಾದ ಆ ಹಾದಿಯನ್ನು ಅವಳು ದಿನಕ್ಕೆ ಎರಡು ಬಾರಿ ತುಳಿಯುತ್ತಾಳೆ; ಮಳೆಗಾಲದಲ್ಲಿ ಹಳ್ಳ ತುಂಬಿದ ದಿನ ಮಾತ್ರ ಅವಳ ಹಾಜರಿ ತಪ್ಪುತ್ತದೆ.

ಅಜ್ಜಿಯ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಗುಡ್ಡದಿಂದ ಇಳಿದು ಬರುವ ಆ ಜನ ಒಂದು ಕಾರಣವಿಲ್ಲದೆ ಎಲ್ಲಿಗೂ ಹೋಗುವವರಲ್ಲ. ಅವರು ಬರುವುದನ್ನು ನೋಡಬೇಕಾದರೆ ಅಂಕೋಲೆಯ ಪೇಟೆಗೆ ಬೆಳಗಿನ ಹೊತ್ತು ಬರಬೇಕು, ಇಲ್ಲವೆ ಕಾರವಾರದ ಭಾನುವಾರದ ಸಂತೆಗೆ ಬರಬೇಕು. ಕತ್ತಲಿರುವಾಗಲೇ ಎದ್ದು, ತಲೆಯ ಮೇಲೆ ಬುಟ್ಟಿ ಹೊತ್ತು, ಸಾಲಾಗಿ ಇಳಿದು ಬರುವ ಹೆಂಗಸರು. ಕೊರಳ ತುಂಬ ಮಣಿಸರ, ಹೆಗಲಿಗೆ ಗಂಟು ಹಾಕಿ ಉಟ್ಟ ಸೀರೆ. ಬುಟ್ಟಿಯಲ್ಲಿ ಬಸಳೆ, ಹರಿವೆ, ಹೀರೇಕಾಯಿ, ಮೊಗೆಕಾಯಿ, ಗೆಣಸು. ಚೈತ್ರ ವೈಶಾಖಗಳಲ್ಲಿ ಅಂಕೋಲೆಯ ಹೆಸರು ಹೊತ್ತ ಕರಿ ಇಶಾಡು ಮಾವು. ಬಾಳೆಯ ನಾರಿನಲ್ಲಿ ಕಟ್ಟಿದ ಅಬ್ಬಲಿಗೆ. ರಾಸಾಯನಿಕ ಗೊಬ್ಬರವಿಲ್ಲದ ತರಕಾರಿಗೆ ಬೆಂಗಳೂರಿನಲ್ಲಿ ದುಪ್ಪಟ್ಟು ಬೆಲೆ ಕೊಟ್ಟು, ಚೌಕಾಸಿ ಮಾಡದೆ ಬಂದವರೇ ಇಲ್ಲಿ ಬಸಳೆಯ ಕಟ್ಟಿಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ನಿಲ್ಲುವುದುಂಟು. ಹನ್ನೊಂದು ಗಂಟೆಗೆ ಬುಟ್ಟಿ ಬರಿದಾಗುತ್ತದೆ. ಅದೇ ಬುಟ್ಟಿಯಲ್ಲಿ ಬಂಗಡೆಯೋ ತಾರಲೆಯೋ, ಉಪ್ಪೋ ಸೀಮೆಎಣ್ಣೆಯೋ ಮನೆಗೆ ಹೋಗುತ್ತದೆ. ನೂರಾರು ವರ್ಷಗಳಿಂದ ಕಡಲ ಮೀನು ಗುಡ್ಡಕ್ಕೂ ಗುಡ್ಡದ ಸೊಪ್ಪು ಕಡಲಿಗೂ ಹೋಗಿರುವುದು ಈ ಹೆಂಗಸರ ತಲೆಯ ಮೇಲೆ. ನಮ್ಮ ಪೇಟೆಯನ್ನು ಪೇಟೆಯನ್ನಾಗಿ ಮಾಡಿದವರಲ್ಲಿ ಅವರೂ ಸೇರಿದ್ದಾರೆಂದರೆ ಅತಿಶಯೋಕ್ತಿಯಾಗಲಾರದು.

ಈಗ ಕಾಯಿದೆಯ ಮಾತಿಗೆ ಬರೋಣ. ಯಾವ ಜನವನ್ನು ಪರಿಶಿಷ್ಟ ಪಂಗಡವೆಂದು ಗಣಿಸಬೇಕೆಂಬುದಕ್ಕೆ ಸಂವಿಧಾನದ 342ನೆಯ ಅನುಚ್ಛೇದದಲ್ಲಿ ವಿಧಾನವಿದೆ, ಲಕ್ಷಣ ಹೇಳಿಲ್ಲ. ಲಕ್ಷಣ ಹೇಳಿದ್ದು 1965ರ ಲೋಕೂರ್ ಸಮಿತಿ. ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಬೇರೆಯಾಗಿರುವುದು, ಹಿಂದುಳಿದಿರುವುದು, ಇವುಗಳ ಜೊತೆಗೆ ಹೊರಗಿನ ಸಮಾಜದೊಡನೆ ಬೆರೆಯಲು ಸಂಕೋಚ. ಈ ಐದು ಅಳತೆಗೋಲುಗಳೇ ಇಂದಿಗೂ ನಡೆದು ಬಂದಿವೆ. ಇವುಗಳಲ್ಲಿ ಕಡೆಯದನ್ನು ಓದಿದಾಗ ನನಗೆ ಸಂತೆಯ ಬುಟ್ಟಿಗಳೇ ಕಣ್ಣೆದುರು ಬಂದವು. ಹೊಟ್ಟೆಪಾಡಿಗಾಗಿ ದಿನವೂ ಪೇಟೆಗೆ ಇಳಿದು ಹತ್ತು ಜನರೊಡನೆ ಮಾತನಾಡುವ ಹೆಂಗಸಿಗೆ ಸಂಕೋಚವಿಲ್ಲವೆಂದು ಬರೆದುಕೊಳ್ಳಬೇಕೋ? ಸಂಕೋಚವಿದ್ದೂ ಹಸಿವು ಅದನ್ನು ಗೆದ್ದಿದೆಯೆಂದು ಬರೆದುಕೊಳ್ಳಬೇಕೋ? ಮನೆಯಲ್ಲಿ ಕುಳಿತು ಉಪವಾಸವಿದ್ದವರು ಮಾತ್ರ ಬುಡಕಟ್ಟಿನವರು, ಎದ್ದು ದುಡಿದವರು ಅಲ್ಲ ಎಂಬುದು ಎಂತಹ ನ್ಯಾಯ?

ಹಾಲಕ್ಕಿಗಳನ್ನು ಪಂಗಡಗಳ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆಗೆ ದಶಕಗಳೇ ಸಂದಿವೆ. ರಾಜ್ಯದ ಶಿಫಾರಸು ದೆಹಲಿಗೆ ಹೋಗುವುದು, ಅಲ್ಲಿಂದ ಪ್ರಶ್ನೆಗಳೊಡನೆ ಮರಳುವುದು, ಚುನಾವಣೆ ಬಂದಾಗ ಮತ್ತೆ ಮಾತು ಏಳುವುದು; ಇಷ್ಟೇ ನಡೆದಿದೆ. ಅವರ ಹೆಸರಿನಲ್ಲಿರುವ ‘ಒಕ್ಕಲಿಗ’ ಎಂಬ ಪದವೂ ಅವರಿಗೆ ಉಪಕಾರ ಮಾಡಿಲ್ಲ. ಮೈಸೂರು ಸೀಮೆಯ ಒಕ್ಕಲಿಗರೊಡನೆ ಅವರನ್ನು ಗೊಂದಲ ಮಾಡಿಕೊಳ್ಳುವವರನ್ನು ನಾನೇ ಕಂಡಿದ್ದೇನೆ. ಇಲ್ಲಿ ಒಕ್ಕಲೆಂದರೆ ಬಹುಕಾಲ ಗೇಣಿಯೇ ಆಗಿತ್ತು. ಒಡೆಯನ ಗದ್ದೆಯನ್ನು ಗೇಯ್ದು, ಬೆಳೆದುದರಲ್ಲಿ ಅರ್ಧಕ್ಕೂ ಮಿಗಿಲಾದುದನ್ನು ಒಡೆಯನ ಅಂಗಳಕ್ಕೆ ಹಾಕಿ ಬರುವುದು. ದಿನಕರ ದೇಸಾಯಿಯವರು ಅಂಕೋಲೆಯ ಸುತ್ತ ರೈತರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದ ಗಡೀಪಾರಾದ ಕಥೆಯನ್ನು ನಮ್ಮ ಹಿರಿಯರು ಬಲ್ಲರು. 1974ರ ಭೂಸುಧಾರಣೆಯಿಂದ ಕೆಲವರಿಗೆ ಗದ್ದೆ ದಕ್ಕಿತು. ಗದ್ದೆಯ ಮೇಲಿನ ಗುಡ್ಡದ ಅಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಮಾತ್ರ ಆ ಕಾಯಿದೆ ಏನನ್ನೂ ಕೊಡಲಿಲ್ಲ. ಆ ಭೂಮಿ ಒಡೆಯನದಾಗಿರಲಿಲ್ಲ, ಅರಣ್ಯ ಇಲಾಖೆಯದಾಗಿತ್ತು.

ಗೆರೆಯ ಆಚೆ ಈಚೆ ಹೇಗಿದೆ ನೋಡಿ. 2003ರ ಜನವರಿಯಲ್ಲಿ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾಯಿದೆಯಿಂದ ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದರು. ಗೋವೆಯ ಗಾವಡಾ, ಕುಣಬಿ, ವೇಳಿಪರೂ ಸೇರಿದರು. ಸಿದ್ದಿಗಳಿಗೆ ನ್ಯಾಯ ದೊರೆತುದು ಸಂತೋಷವೇ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದಾಗ ಇಡೀ ಜಿಲ್ಲೆ ಹಿಗ್ಗಿತು. ಆದರೆ ಮಾಜಾಳಿಯ ನಾಕೆಯ ಆಚೆಗಿರುವ ಕುಣಬಿ ಪಂಗಡದವನು, ಈಚೆಗಿರುವ ಕುಣಬಿ ಅಲ್ಲ. ಇಬ್ಬರ ಮಾತೂ ಒಂದೇ ಕೊಂಕಣಿ, ಇಬ್ಬರ ನೆಲವೂ ಒಂದೇ ಘಟ್ಟ. ಹೆಣ್ಣು ಕೊಟ್ಟು ತಂದ ಸಂಬಂಧಗಳೂ ಉಂಟು. ರಾಜ್ಯಗಳ ಗಡಿಯನ್ನು ಅವರು ಗೀಚಿದವರಲ್ಲ.

ಪಟ್ಟಿಯೆಂದೊಡನೆ ನಮ್ಮ ತರಗತಿಯ ಕೆಲವು ಮಿತ್ರರಿಗೆ ನೌಕರಿಯ ಮೀಸಲಾತಿಯೊಂದೇ ಹೊಳೆಯುತ್ತದೆ, ಒಡನೆಯೇ ವಾದ ಬಿಸಿಯೇರುತ್ತದೆ. ನೌಕರಿಯ ಮಾತನ್ನು ಬದಿಗಿಡೋಣ. 2006ರ ಅರಣ್ಯ ಹಕ್ಕು ಕಾಯಿದೆಯನ್ನು ತೆಗೆದು ನೋಡಿ. ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ‘ಇತರ ಪಾರಂಪರಿಕ ಅರಣ್ಯವಾಸಿ’ಯಾದರೆ ಆ ದಿನಾಂಕಕ್ಕೆ ಹಿಂದಿನ 75 ವರ್ಷ, ಎಂದರೆ ಮೂರು ತಲೆಮಾರು, ಅರಣ್ಯದಲ್ಲಿ ವಾಸವಿದ್ದುದನ್ನು ತೋರಿಸಬೇಕು. ಅಂಕೋಲೆಯ ಒಂದೇ ಗುಡ್ಡದಲ್ಲಿ ಒಂದೇ ಹಳ್ಳದ ನೀರು ಕುಡಿಯುವ ಸಿದ್ದಿಗೂ ಹಾಲಕ್ಕಿಗೂ ನಡುವೆ ಹೀಗೆ ಎಪ್ಪತ್ತೈದು ವರ್ಷದ ಗೋಡೆ ಎದ್ದಿದೆ.

2005ರಿಂದ ಎಪ್ಪತ್ತೈದು ಕಳೆಯಿರಿ: 1930. ಈ ಇಸವಿಯನ್ನು ಅಂಕೋಲೆಯವರು ಮರೆಯುವಂತಿಲ್ಲ. ಆ ವರ್ಷದ ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದಕ್ಕೂ, ಅದರ ಬೆನ್ನಿಗೇ ಬಂದ ಕರಬಂದಿ ಚಳವಳಿಗೂ ಹೆಗಲು ಕೊಟ್ಟವರಲ್ಲಿ ಹಾಲಕ್ಕಿಗಳೂ ಇದ್ದರು. ಅಂಕೋಲೆಯನ್ನು ‘ಕರ್ನಾಟಕದ ಬಾರ್ಡೋಲಿ’ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದು ಇವರೂ ಸೇರಿ ಗಳಿಸಿದ ಕೀರ್ತಿಯಿಂದ. 1930ರಲ್ಲಿ ಇಲ್ಲಿ ನಿಂತು ಸರಕಾರವನ್ನು ಎದುರಿಸಿದವರ ಮೊಮ್ಮಕ್ಕಳನ್ನು ಇಂದು, 1930ರಲ್ಲಿ ನೀವು ಇಲ್ಲಿದ್ದಿರೆಂಬುದಕ್ಕೆ ಕಾಗದವೆಲ್ಲಿ ಎಂದು ಕೇಳಲಾಗುತ್ತಿದೆ! ಓದು ಬರಹವಿಲ್ಲದ, ಸೋಗೆಯ ಮಾಡಿನ ಮನೆಯಲ್ಲಿ ಪ್ರತಿ ಮಳೆಗಾಲ ಕಳೆದ ಕುಟುಂಬ ಯಾವ ಕಾಗದವನ್ನು ಕಾಪಾಡಿಟ್ಟಿದ್ದೀತು? ನಮ್ಮ ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ಈ ಒಂದು ಕಾರಣಕ್ಕಾಗಿ ತಿರಸ್ಕೃತವಾಗಿವೆ. 2019ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಂತಹ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಆಜ್ಞೆ ಮಾಡಿ, ಅದೇ ತಿಂಗಳ ಕೊನೆಗೆ ಆ ಆಜ್ಞೆಯನ್ನು ತಡೆಹಿಡಿಯಿತು. ನಡುವಿನ ಆ ಎರಡು ವಾರ ಎಷ್ಟು ಕೊಪ್ಪಗಳಲ್ಲಿ ನಿದ್ದೆ ಹೋಗಿತ್ತೋ!

ಹೋಳಿಯ ಹೊತ್ತಿಗೆ ಅಂಕೋಲೆಗೆ ಬಂದವರು ಒಂದು ದೃಶ್ಯವನ್ನು ತಪ್ಪದೆ ನೋಡಬೇಕು. ಬೆಳಂಬಾರದ ಹಾಲಕ್ಕಿಗಳ ಸುಗ್ಗಿ ತಂಡ ಬಣ್ಣಬಣ್ಣದ ತುರಾಯಿ ಕಟ್ಟಿಕೊಂಡು, ಗುಮಟೆ ಬಾರಿಸುತ್ತ ತಾಲೂಕು ಕಚೇರಿಯ ಮುಂದೆ ಬಂದು ಕುಣಿಯುತ್ತದೆ. ಬ್ರಿಟಿಷರ ಕಾಲದಿಂದಲೂ ನಡೆದು ಬಂದ ರೂಢಿಯೆಂದು ಊರವರು ಹೇಳುತ್ತಾರೆ. ಅಧಿಕಾರಿಗಳು ಹೊರಗೆ ಬಂದು ನಿಂತು ಗೌರವ ಸಲ್ಲಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಹಬ್ಬ ಮುಗಿದ ಮೇಲೆ ಅದೇ ಜನ, ತುರಾಯಿಯಿಲ್ಲದೆ, ಕೈಯಲ್ಲಿ ಅರ್ಜಿ ಹಿಡಿದು ಸರಕಾರಿ ಕಚೇರಿಗಳ ಪಡಸಾಲೆಯಲ್ಲಿ ಸರದಿ ನಿಲ್ಲುತ್ತಾರೆ. ಯಾವ ಕಚೇರಿಯ ಮೇಲೂ ದೂರು ಹೇಳುವುದು ನನ್ನ ಇಚ್ಛೆಯಲ್ಲ. ಕುಣಿಯುವಾಗ ಇವರು ಈ ನೆಲದ ಮೂಲ ಜನರೆಂದು ಒಪ್ಪುವ ನಾವು, ಅರ್ಜಿ ಕೊಡುವಾಗ ಇವರು ಯಾವಾಗ ಬಂದರೆಂದು ಕೇಳುತ್ತೇವೆ. ಈ ವೈಚಿತ್ರ್ಯ ನಮ್ಮೆಲ್ಲರದು.

ಇದಕ್ಕೆ ಪ್ರತಿಯಾಗಿ, “ಅವರಿಗೆ ಸಿಕ್ಕಿದ ಮನ್ನಣೆ ಕಡಿಮೆಯೇ?” ಎಂದು ಕೇಳಬಹುದು. ನಿಜ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಓದು ಬರಹ ಅರಿಯದ ಆ ತಾಯಿ ಅಸಂಖ್ಯ ಹಾಡುಗಳನ್ನು ನಾಲಗೆಯಲ್ಲಿ ಹೊತ್ತಿದ್ದರು. ಸಾರಾಯಿಯಿಂದ ಕೊಪ್ಪಗಳು ಹಾಳಾಗುತ್ತಿದ್ದಾಗ ಹೆಂಗಸರನ್ನು ಕಟ್ಟಿಕೊಂಡು ಅದರ ವಿರುದ್ಧ ನಿಂತರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯವರಾಗಿ ದುಡಿದು, ಯಾವ ಬೀಜವನ್ನು ಯಾವ ತಾಯಿಮರದಿಂದ ಯಾವ ತಿಂಗಳಲ್ಲಿ ಎತ್ತಬೇಕೆಂಬುದನ್ನು ಪದವೀಧರ ಅಧಿಕಾರಿಗಳಿಗೆ ಹೇಳಿಕೊಡುತ್ತಿದ್ದರು. 2020ರ ಪದ್ಮಶ್ರೀಯನ್ನು ಸ್ವೀಕರಿಸಲು 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನವನ್ನು ಪ್ರವೇಶಿಸಿದಾಗ ದೇಶವೆಲ್ಲ ಆ ಪಾದಗಳನ್ನು ಕೊಂಡಾಡಿತು. 2024ರ ಡಿಸೆಂಬರಿನಲ್ಲಿ ತುಳಸಿಯವರೂ, 2025ರ ಫೆಬ್ರುವರಿಯಲ್ಲಿ ಸುಕ್ರಿಯವರೂ ತೀರಿಕೊಂಡರು. ತಮ್ಮ ಜನರನ್ನು ಪಂಗಡವೆಂದು ಒಪ್ಪಬೇಕೆಂಬ ಮಾತನ್ನು ಸುಕ್ರಿಯವರು ಕಂಡ ಕಂಡ ಮುಖಂಡರಲ್ಲೆಲ್ಲ ಹೇಳಿಕೊಂಡಿದ್ದರು. ಪ್ರಶಸ್ತಿ ಫಲಕಕ್ಕೆ ಗೋಡೆ ಬೇಕು. ಗೋಡೆಗೆ ನೆಲ ಬೇಕು. ಇಬ್ಬರನ್ನು ಎತ್ತರದಲ್ಲಿ ಕೂರಿಸಿ, ಅವರು ಕೇಳಿದ ಒಂದು ಮಾತನ್ನು ಮಾತ್ರ ಕೆಳಗೇ ಬಿಟ್ಟುದು ನಮ್ಮ ಕಾಲದ ಜಾಣತನ.

ಇನ್ನೊಂದು ಆಕ್ಷೇಪವುಂಟು, ಇದು ಹೆಚ್ಚಾಗಿ ನಿಸರ್ಗಪ್ರೇಮಿಗಳಿಂದ ಬರುವುದು. ರಸ್ತೆ, ಕರೆಂಟು, ಕಾಂಕ್ರೀಟು ಹೋದರೆ ಗುಡ್ಡದ ಜನರ ಮುಗ್ಧತೆ ಕೆಡುತ್ತದೆ, ಅವರು ಇದ್ದಂತೆಯೇ ಇರಲಿ ಎನ್ನುತ್ತಾರೆ. ಕಾಡನ್ನು ಉಳಿಸಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಉಳಿಸಿದವರಲ್ಲಿ ಮೊದಲಿಗರು ಅಲ್ಲಿರುವವರೇ. ಆದರೆ ಮುಗ್ಧತೆಯ ಮಾತನ್ನು ನನ್ನಿಂದ ಸಹಿಸಲಾಗದು. ಘಟ್ಟದ ಅಂಚಿನ ಊರುಗಳಿಂದ ರೋಗಿಗಳನ್ನು, ಬಸುರಿಯರನ್ನು ಕಂಬಳಿಯ ಜೋಲಿಯಲ್ಲಿ ಬಿದಿರಿಗೆ ಕಟ್ಟಿ ಹೊತ್ತು ತಂದ ಸುದ್ದಿ ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಬರುತ್ತದೆ. ಆ ಜೋಲಿಯನ್ನು ಹೊತ್ತವರನ್ನು ಕೇಳಿ, ರಸ್ತೆಯಿಂದ ಏನು ಕೆಡುತ್ತದೆಂದು. ದೇಶಕ್ಕೆ ಬೇಕಾದಾಗ ಈ ಗುಡ್ಡಗಳಿಗೆ ದಾರಿ ಸಿಗದೆ ಹೋಗಲಿಲ್ಲವಷ್ಟೆ! ಕದ್ರಾಕ್ಕೆ ಅಣೆಕಟ್ಟು ಬಂತು, ಕೈಗಾಕ್ಕೆ ಅಣುಸ್ಥಾವರ ಬಂತು. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಅವುಗಳಿಗಾಗಿ ಎರಡೂ ತಾಲೂಕಿನ ಜನ ಮನೆ ಬಿಟ್ಟುಕೊಟ್ಟರು.

ನಾವು ಏನನ್ನು ನೋಡುತ್ತೇವೆ, ಏನನ್ನು ನೋಡುವುದಿಲ್ಲ ಎಂಬುದಕ್ಕೆ 2024ರ ಜುಲೈ 16ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಂದು ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆಬದಿಯ ಚಹದಂಗಡಿಯನ್ನೂ ಲಾರಿಗಳನ್ನೂ ಸೆಳೆದುಕೊಂಡು ಗಂಗಾವಳಿಗೆ ಬಿತ್ತು. ಕೇರಳದ ಲಾರಿ ಚಾಲಕನ ಹುಡುಕಾಟ ಸೆಪ್ಟೆಂಬರ್ 25ರ ತನಕ ನಡೆಯಿತು, ಆ ತರುಣನಿಗಾಗಿ ಎರಡು ರಾಜ್ಯಗಳು ಕಣ್ಣೀರಿಟ್ಟವು, ಅದು ಸರಿಯೇ. ಆದರೆ ಗುಡ್ಡ ಬಿದ್ದ ರಭಸಕ್ಕೆ ಹೊಳೆಯ ನೀರು ಗೋಡೆಯಂತೆದ್ದು ಎದುರು ದಡದ ಉಳುವರೆಗೆ ಅಪ್ಪಳಿಸಿತ್ತು. ಹಾಲಕ್ಕಿಗಳ ಮನೆಗಳು ಕೊಚ್ಚಿಹೋದವು, ಒಬ್ಬ ಹೆಂಗಸು ಹೊಳೆಯ ಪಾಲಾದರು. ಕ್ಯಾಮರಾಗಳೆಲ್ಲ ಹೆದ್ದಾರಿಯ ದಡದಲ್ಲಿದ್ದವು. ನಡುವೆ ಇದ್ದದ್ದು ಒಂದು ಹೊಳೆಯ ಅಗಲ. ಆ ಅಗಲವನ್ನು ದಾಟಿ ಬಂದ ಸುದ್ದಿ ಎಷ್ಟು?

ಹಾಗಾದರೆ ನಾವು ಗುಡ್ಡಕ್ಕೆ ಹೋಗಬೇಕೇ ಬೇಡವೇ? ಖಂಡಿತ ಹೋಗಬೇಕು, ಒಂದು ಕೆಲಸವಿಟ್ಟುಕೊಂಡು ಹೋಗಬೇಕು. ಕೆಲಸ ಯಾವುದೆಂಬುದನ್ನು ಕಾಯಿದೆಯೇ ಹೇಳುತ್ತದೆ. ಅರಣ್ಯ ಹಕ್ಕು ಕಾಯಿದೆಗೆ 2008ರಲ್ಲಿ ಮಾಡಿದ ನಿಯಮಗಳಲ್ಲಿ 13ನೆಯದನ್ನು ಓದಿ. ಪಟ್ಟಾ ಪಹಣಿಗಳು ಮಾತ್ರ ಸಾಕ್ಷ್ಯವೆಂದು ಅಲ್ಲಿ ಎಲ್ಲಿಯೂ ಇಲ್ಲ. ಗ್ಯಾಸೆಟಿಯರು, ಜನಗಣತಿ, ಭೂಮಾಪನದ ವರದಿಗಳು ಸಾಕ್ಷ್ಯ. ಹಳೆಯ ಬಾವಿ, ಸ್ಮಶಾನ, ದೇವರ ಬನ ಸಾಕ್ಷ್ಯ. ಗದ್ದೆಗೆ ಕಟ್ಟಿದ ಏರಿ ಸಾಕ್ಷ್ಯ. ಅರ್ಜಿದಾರನಲ್ಲದ ಹಿರಿಯರು ಹೇಳಿದ ಮಾತನ್ನು ಬರೆದಿಟ್ಟರೆ ಅದೂ ಸಾಕ್ಷ್ಯ. ಇಂತಹವುಗಳಲ್ಲಿ ಎರಡಿದ್ದರೆ ಗ್ರಾಮದ ಸಮಿತಿ ಪರಿಗಣಿಸಬೇಕು. 1883ರ ಗ್ಯಾಸೆಟಿಯರಿನ ಮಾತು ಇನ್ನೊಮ್ಮೆ ಬರಲಿದೆ ಎಂದೆನಲ್ಲ, ಅದು ಇದಕ್ಕಾಗಿಯೇ. ನಮ್ಮ ಗ್ರಂಥಾಲಯಗಳಲ್ಲಿ ಧೂಳು ತಿನ್ನುವ ಪುಸ್ತಕ ಒಂದು ಮನೆಯ ಹಕ್ಕಿಗೆ ಬಲ ಕೊಡಬಲ್ಲುದು. ಪುಣೆಯ ಡೆಕ್ಕನ್ ಕಾಲೇಜು 1967ರಲ್ಲಿ ಪ್ರಕಟಿಸಿದ, ಎ.ಎಸ್. ಆಚಾರ್ಯರ ಹಾಲಕ್ಕಿ ಕನ್ನಡದ ಅಧ್ಯಯನವಿದೆ; ನಮ್ಮ ಜಿಲ್ಲೆಯ ಎಲ್.ಆರ್. ಹೆಗಡೆ, ಎನ್.ಆರ್. ನಾಯಕರಂತಹ ವಿದ್ವಾಂಸರು ಹಳ್ಳಿ ಹಳ್ಳಿ ತಿರುಗಿ ಹಾಡು ಕಥೆಗಳನ್ನು ಬರೆದುಕೊಂಡಿದ್ದಾರೆ. ಅವರೂ ಗುಡ್ಡಕ್ಕೆ ಹೋದವರೇ, ಆದರೆ ಕೇಳಲು ಹೋದವರು.

ಆದ್ದರಿಂದ ಈ ಪತ್ರಿಕೆಯ ಮೂಲಕ ನನ್ನದೊಂದು ಸೂಚನೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ವರ್ಷವೂ ನಡೆಯುತ್ತದೆ. ರಸ್ತೆ ಗುಡಿಸುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ, ಕೊನೆಯ ದಿನ ಹಾಡಿ ಕುಣಿದು ಬರುತ್ತೇವೆ. ಬರುವ ವರ್ಷದ ಶಿಬಿರ ಒಂದು ಕೊಪ್ಪದಲ್ಲಾಗಲಿ. ಹಗಲು ಹೊತ್ತು ಹಿರಿಯರ 1930ರ ಆಚೀಚಿನ ನೆನಪುಗಳನ್ನು, ಅವರ ತಂದೆ ತಾಯಿಯರಿಂದ ಕೇಳಿ ಉಳಿದವುಗಳನ್ನು, ಅವರ ಮಾತಿನಲ್ಲಿಯೇ ಬರೆದುಕೊಳ್ಳೋಣ: ಯಾವ ಬಾವಿಯನ್ನು ಯಾರು ತೋಡಿದರು, ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣು ಮಾಡಿದರು, ಕುಮರಿ ಬೇಸಾಯ ಯಾವ ಇಳಿಜಾರಿನಲ್ಲಿತ್ತು. ಓದಿ ಹೇಳಿ, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡು, ಒಂದು ಪ್ರತಿಯನ್ನು ಅವರಿಗೇ ಕೊಟ್ಟು ಬರೋಣ. ಹೀಗೆ ಬರೆಯಲು ನಮ್ಮ ತರಗತಿಗಳಲ್ಲಿಯೇ ತಕ್ಕವರಿದ್ದಾರೆ. ‘ಗೌಡ’ ಎಂಬ ಹೆಸರಿನ ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ಮೆಲ್ಲಗೆ ಉತ್ತರ ಬರುವುದನ್ನು ನೀವೂ ಕೇಳಿದ್ದೀರಿ. ಆ ಶಿಬಿರಕ್ಕೆ ಅವರು ಮುಂದಾಳುಗಳಾಗಲಿ, ನಾವು ಬರೆದುಕೊಳ್ಳುವವರಾಗೋಣ. ಅವರಾಡುವ ಕನ್ನಡದ ಎಷ್ಟೋ ಶಬ್ದಗಳು ನಮಗೆ ತಿಳಿಯವು; ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬೇಕು.

ಖರ್ಚು ಹೆಚ್ಚಿನದಲ್ಲ. ರೇಖೆಯೆಳೆದ ಕಾಗದ, ಹೆಬ್ಬೆಟ್ಟಿನ ಶಾಯಿ, ಗ್ಯಾಸೆಟಿಯರಿನ ಆಯಾ ಪುಟಗಳ ಪ್ರತಿ, ಇಷ್ಟು ಸಾಕು. ಜೂನ್ ಬಂದರೆ ಹಳ್ಳ ದಾಟಲಾಗದು, ಮಾರ್ಚಿನಲ್ಲಿ ಪರೀಕ್ಷೆ. ಶಿಬಿರ ಜನವರಿಯಲ್ಲಿಯೇ ನಡೆಯಬೇಕು. ತೊಂಬತ್ತು ದಾಟಿದವರು ಕೊಪ್ಪಕ್ಕೊಬ್ಬರೋ ಇಬ್ಬರೋ ಉಳಿದಿದ್ದಾರೆ.